ಮೊದಲು ಆ ನೀರಿನ ಚೊಂಬು ಕೆಳಗಿಡು

ನೀನು ಕಳಿಸಿದ ಫೋಟೊ ನೋಡಿದೆ ಮರಿ. ಬಿಳಿ ಪಿಂಗಾಣಿ ಬಟ್ಟಲು, ಅದರಲ್ಲಿ ಕತ್ತು ಉದ್ದ ಮಾಡಿಕೊಂಡು ಕಿಟಕಿ ಕಡೆಗೆ ವಾಲಿರುವ ಗಿಡ, ಪಕ್ಕದಲ್ಲಿ ನಿನ್ನ ಕಾಫಿ ಮಗ್ಗು. ಕೆಳಗೆ ಒಂದು ಸಾಲು: 'ಅಜ್ಜಿ, ಇವತ್ತು ರಾತ್ರಿನೇ ದೊಡ್ಡ ಪಾಟಿಗೆ ಹಾಕಿಬಿಡ್ತೀನಿ.' ರಾತ್ರಿಯೇ ಯಾಕಪ್ಪ? ಅದೇನು ಎಲ್ಲಿಗಾದರೂ ಬಸ್ಸು ಹಿಡಿಯಬೇಕಾ?

ಗಿಡ ಸಾಕುವ ಆಸೆ ನಿನಗೆ ಬಂತಲ್ಲ, ಅದಕ್ಕೆ ನನಗೆ ಸಂತೋಷವೇ. ನಿಮ್ಮಪ್ಪನಿಗೆ ತುಳಸಿಗೆ ನೀರು ಹಾಕು ಅಂತ ನಾಲ್ಕು ಸಲ ಕೂಗಬೇಕಿತ್ತು. ನೀನು ಹಾಗಲ್ಲ, ಬೇಡ ಅಂದರೂ ಹಾಕುತ್ತೀಯ. ಅದೇ ನನ್ನ ಭಯ. ಈ ದಪ್ಪ ಎಲೆಯ ಗಿಡಗಳು, ನೀವು ಸಕ್ಯುಲೆಂಟ್ ಅನ್ನುವವು, ಮರೆತುಬಿಟ್ಟವರ ಮನೆಯಲ್ಲಿ ಹೇಗೋ ಬದುಕಿಕೊಳ್ಳುತ್ತವೆ. ದಿನಕ್ಕೆರಡು ಸಲ ಬಂದು ಯೋಗಕ್ಷೇಮ ವಿಚಾರಿಸುವವರ ಕೈಯಲ್ಲಿ ಕೊಳೆಯುತ್ತವೆ. ಕುಂಡ ಬದಲಿಸುವ ಕೆಲಸ ಅರ್ಧ ಗಂಟೆಯದು. ಅದಕ್ಕೆ ಮುಂಚೆ ಒಂದು ವಾರ, ಆಮೇಲೊಂದು ವಾರ ಕೈ ಕಟ್ಟಿಕೊಂಡು ಕೂರುವುದಿದೆಯಲ್ಲ, ಕಷ್ಟ ಇರುವುದು ಅಲ್ಲಿ. ನಾನು ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಅದೇ.

ಮೊದಲು ಆ ಬಟ್ಟಲಿನ ಗಿಡದ ಮಾತು. ಅದರ ಹೆಸರು ಎಚೆವೇರಿಯಾ. ಮೆಕ್ಸಿಕೋದ ಬೆಟ್ಟಗುಡ್ಡಗಳ ಕಲ್ಲುಸಂದಿಯಲ್ಲಿ ಬಿಸಿಲು ಕುಡಿದು ಬೆಳೆಯುವ ಜಾತಿ. ಆ ದೇಶದ ಗಿಡಗಳ ಚಿತ್ರ ಬರೆದ ಅತನಾಸಿಯೊ ಎಚೆವೆರಿಯಾ ಎಂಬ ಕಲಾವಿದನ ಗೌರವಕ್ಕೆ 1828ರಲ್ಲಿ ಆ ಹೆಸರಿಟ್ಟರು. ಅಂಥದ್ದನ್ನು ತಂದು ನೀನು ಏಸಿ ಕೆಳಗೆ, ಟ್ಯೂಬ್‌ಲೈಟ್ ಬೆಳಕಲ್ಲಿ ಕೂರಿಸಿದ್ದೀಯ. ಅದು ವಾಲಿರುವುದು ಬೆಳಕು ಹುಡುಕಿಕೊಂಡು. ಎಲೆಗಳ ನಡುವೆ ಕಾಂಡ ಕಾಣುತ್ತಿದೆ ನೋಡು. ಸರಿಯಾಗಿ ಬಿಸಿಲು ಸಿಕ್ಕಿದ್ದರೆ ಎಲೆಗಳು ಒಂದರ ಮೈಗೊಂದು ಒತ್ತಿಕೊಂಡು ಕೂತಿರುತ್ತಿದ್ದವು. ಕುಂಡ ಎಷ್ಟು ದೊಡ್ಡದಾದರೂ ಆ ಕತ್ತು ಗಿಡ್ಡ ಆಗುವುದಿಲ್ಲ. ಬೆಳಗಿನ ಬಿಸಿಲು ಬೀಳುವ ಕಿಟಕಿಗೆ ಅದನ್ನು ಸಾಗಿಸು. ಅದೂ ಒಂದೇ ದಿನಕ್ಕಲ್ಲ, ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಹೀಗೆ. ಇಷ್ಟು ದಿನ ನೆರಳಲ್ಲಿದ್ದದ್ದನ್ನು ಏಕಾಏಕಿ ನೆತ್ತಿ ಬಿಸಿಲಿಗಿಟ್ಟರೆ ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ, ಆ ಕಲೆ ಮತ್ತೆ ಹೋಗದು. ಬಟ್ಟಲಿಗೆ ತೂತಿಲ್ಲ ಅನ್ನುವುದು ಬೇರೆ ತಕರಾರು. ಅದಕ್ಕೆ ಆಮೇಲೆ ಬರುತ್ತೇನೆ.

ಏನೇ ಆದರೂ ಜಾಗ ಬದಲಿಸುವುದು ನಿಮ್ಮ ಕಾಲದ ಮದ್ದಾಗಿಬಿಟ್ಟಿದೆ. ಕೆಲಸ ಬೇಜಾರು, ಕಂಪನಿ ಬದಲಿಸು. ಬಾಸ್ ಬೇಜಾರು, ಊರು ಬದಲಿಸು. ಗಿಡದ ವಿಷಯದಲ್ಲಿ ಅಷ್ಟು ಸಲೀಸಲ್ಲ ಕಣೋ. ಕುಂಡ ಬದಲಿಸಲೇಬೇಕಾದ ಗಿಡ ತಾನೇ ಹೇಳುತ್ತದೆ. ಬುಡದ ತೂತಿನಿಂದ ಬೇರು ಹೊರಗೆ ಇಣುಕುತ್ತದೆ. ಹಾಕಿದ ನೀರು ಮಣ್ಣಿಗೆ ಇಂಗದೆ ಅಂಚಿನಲ್ಲಿ ಜಾರಿ ಸೀದಾ ತಟ್ಟೆಗೆ ಬೀಳುತ್ತದೆ. ತಲೆಭಾರಕ್ಕೆ ಕುಂಡವೇ ಮಗುಚುತ್ತದೆ. ಮರಿಗಳು ತುಂಬಿ ಪ್ಲಾಸ್ಟಿಕ್ ಕುಂಡದ ಗೋಡೆ ಉಬ್ಬುತ್ತದೆ. ಲೋಳೆಸರ ಹೀಗೆ ಮಾಡುವುದನ್ನು ನಮ್ಮ ಹಿತ್ತಲಲ್ಲಿ ನೀನೇ ನೋಡಿದ್ದೀಯ. ಇವ್ಯಾವೂ ಇಲ್ಲದೆ, ಚೆಂದದ ಕುಂಡ ಕಂಡೆ ಅಂತ ಕಿತ್ತು ನೆಡುವುದು ಶೋಕಿ. ಒಂದು ಸಂದರ್ಭಕ್ಕೆ ಮಾತ್ರ ಕಾಯುವುದು ಬೇಡ. ಕೆಳಗಿನ ಎಲೆ ಹಳದಿ ತಿರುಗಿ, ನೀರು ತುಂಬಿ ಮೆತ್ತಗಾಗಿ, ಕಾಂಡದ ಬುಡ ಕಪ್ಪಾಗುತ್ತಿದ್ದರೆ ಅದು ಕೊಳೆರೋಗ. ಅವತ್ತು ತಿಂಗಳು, ತಿಥಿ ಯಾವುದೂ ನೋಡಬೇಡ. ಆಗಲೇ ಕಿತ್ತು ಬೇರು ನೋಡು.

ನಿನ್ನ ಬಾಲ್ಕನಿಯಲ್ಲಿರುವ ಎರಡನೆಯದು, ಜೇಡ್ ಅಂತ ತಂದದ್ದು, ಅದಕ್ಕೆ ನಿಜವಾಗಿ ಕುಂಡ ಬೇಕು. ಹೋದ ಸಲ ಬಂದಾಗ ಎತ್ತಿ ನೋಡಿದ್ದೆ. ಬುಡದ ತೂತಿನಲ್ಲಿ ಬೇರು ಗಂಟು ಕಟ್ಟಿಕೊಂಡಿತ್ತು. ನಮ್ಮ ನರ್ಸರಿಗಳಲ್ಲಿ ಜೇಡ್ ಅಂತ ಮಾರುವ ಚಿಕ್ಕ ಎಲೆಯ, ಕೆಂಚು ಕಾಂಡದ ಗಿಡ ಬಹುಪಾಲು ಪೋರ್ಚುಲಕೇರಿಯಾ. ನಿಜವಾದ ಜೇಡ್ ಅಂದರೆ ಕ್ರಾಸುಲಾ. ಅದರ ಎಲೆ ಇನ್ನೂ ಅಗಲ, ಇನ್ನೂ ದಪ್ಪ. ಎರಡೂ ದಕ್ಷಿಣ ಆಫ್ರಿಕಾದ ಕಡೆಯವು, ಉಪಚಾರವೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ನರ್ಸರಿಯವನ ಜೊತೆ ಜಗಳಕ್ಕೆ ಹೋಗಬೇಡ. ಪೋರ್ಚುಲಕೇರಿಯಾ ಅಲ್ಲಿ ಆನೆಗಳಿಗೆ ಮೇವು. ಆನೆ ತಿಂದು, ಮುರಿದು, ಬೀಳಿಸಿದ ಕೊಂಬೆ ಬಿದ್ದಲ್ಲೇ ಬೇರು ಬಿಟ್ಟು ಚಿಗುರುತ್ತದೆ. ಅಷ್ಟು ಗಟ್ಟಿ ಜೀವ. ಆನೆ ಕೈಯಲ್ಲಿ ಸಾಯದ್ದು ನಿನ್ನ ಕೈಯಲ್ಲಿ ಸತ್ತರೆ ನಾನು ನಾಲ್ಕು ಜನಕ್ಕೆ ಏನು ಹೇಳಲಿ?

ಯಾವಾಗ ಮಾಡುವುದು ಅಂತ ಕೇಳು. ಬೆಂಗಳೂರು, ಮೈಸೂರು ಕಡೆಗೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಅನ್ನುತ್ತೇವಲ್ಲ, ಆಗ ಬೇರಿಗೆ ಹುರುಪು ಬರುವ ಕಾಲ. ತಪ್ಪಿದರೆ ದೀಪಾವಳಿ ಕಳೆಯಲಿ. ಮಳೆಗಾಲ ಮುಗಿಯಿತು ಅಂತ ಸೆಪ್ಟೆಂಬರಿಗೆ ಕೈ ಹಾಕಬೇಡ. ಬೆಂಗಳೂರಿಗೆ ಜೋರು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಲಬುರಗಿ, ರಾಯಚೂರಿನವರಿಗೆ ಏಪ್ರಿಲ್, ಮೇ ಬೇಡವೇ ಬೇಡ, ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಬೇರು ಕಳೆದುಕೊಂಡ ಗಿಡ ತಡೆಯುವುದಿಲ್ಲ. ಮಂಗಳೂರಿನಲ್ಲಿರುವ ನಿನ್ನ ಸೋದರತ್ತೆಯದು ಇನ್ನೊಂದು ಪಾಡು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯೇ ಒದ್ದೆ. ಆ ನಾಲ್ಕು ತಿಂಗಳು ಅವಳು ಈ ಗಿಡಗಳನ್ನು ಸೂರಿನಡಿ ಎಳೆದುಕೊಂಡು ಸುಮ್ಮನಿದ್ದರೆ ಅದೇ ದೊಡ್ಡ ಉಪಕಾರ. ಅವಳು ಇರುವುದಿಲ್ಲ, ಅದು ಬೇರೆ ಮಾತು.

ದಿನ ಗೊತ್ತು ಮಾಡಿದೆಯಾ? ಅದಕ್ಕೆ ವಾರದ ಮೊದಲೇ ನೀರು ನಿಲ್ಲಿಸು. ಒಣಮಣ್ಣು ಬೇರಿನಿಂದ ಸಲೀಸಾಗಿ ಉದುರುತ್ತದೆ. ಒದ್ದೆ ಮಣ್ಣು ಬೇರನ್ನೂ ಕಿತ್ತುಕೊಂಡು ಬರುತ್ತದೆ. ಕಿತ್ತ ಗಾಯಕ್ಕೆ ಒದ್ದೆ ತಾಗಿದರೆ ಕೊಳೆಯುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಈ ವಾರದಲ್ಲಿ ಎಲೆ ಚೂರು ಸೊರಗಿದ ಹಾಗೆ ಕಂಡೀತು. ಕಾಣಲಿ. ನಿನಗೆ ಆ ವಾರ ಕೈ ಸುಮ್ಮನಿರುವುದಿಲ್ಲ ಅಂತ ಗೊತ್ತು. ಕುಂಡ, ಮಣ್ಣು ಹೊಂದಿಸುವುದರಲ್ಲಿ ಕಳೆ.

ಕುಂಡ ಕೊಳ್ಳಲು ಹೋದರೆ ನಿನ್ನ ಕಣ್ಣು ದೊಡ್ಡದರ ಮೇಲೇ ಬೀಳುತ್ತದೆ. 'ಹೇಗೂ ಬೆಳೆಯುತ್ತಲ್ಲಾ ಅಜ್ಜಿ.' ಒಂದನೇ ಕ್ಲಾಸಿನ ಹುಡುಗನಿಗೆ ಹೇಗೂ ಬೆಳೆಯುತ್ತಾನೆ ಅಂತ ಅಪ್ಪನ ಅಳತೆಯ ಬೂಟು ಕೊಡಿಸಿದ ಹಾಗಾಯಿತು ಅದು. ಶಾಲೆ ಮುಟ್ಟುವ ಮೊದಲೇ ಮುಗ್ಗರಿಸಿ ಬೀಳುತ್ತಾನೆ. ಬೇರಿಲ್ಲದ ಕಡೆ ಇರುವ ಮಣ್ಣಿನ ನೀರನ್ನು ಕುಡಿಯುವವರು ಯಾರು? ಅದು ಅಲ್ಲೇ ನಿಂತು ಹುಳಿಯುತ್ತದೆ. ಈಗಿರುವುದು 4 ಇಂಚಿನದಾದರೆ 5 ಇಂಚಿನದು ತಾ. ಅದಕ್ಕಿಂತ ದೊಡ್ಡದು ಬೇಡ. ಸುಟ್ಟ ಮಣ್ಣಿನ ಕುಂಡವಾದರೆ ಇನ್ನೂ ಮೇಲು, ಅದರ ಮೈಯಿಂದಲೇ ಅಷ್ಟಿಷ್ಟು ತೇವ ಆರಿಹೋಗುತ್ತದೆ. ನಿನ್ನಂಥ ಧಾರಾಳಿಗಳ ತಪ್ಪನ್ನು ಅದು ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಕಿಕೊಳ್ಳುವುದಿಲ್ಲ. ಹೊಸ ಮಣ್ಣಿನ ಕುಂಡವನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿಕೋ.

ತೂತು ಮಾತ್ರ ಇರಲೇಬೇಕು. ಆ ಪಿಂಗಾಣಿ ಬಟ್ಟಲಿನ ತಕರಾರು ಇದೇ. ಅಂಗಡಿಯವನು 'ಕೆಳಗೆ ಕಲ್ಲು ಹಾಕಿ ಸಾರ್, ನೀರು ಕೆಳಗಿಳಿಯುತ್ತೆ' ಅಂದಿರುತ್ತಾನೆ. ಇಳಿದು ಎಲ್ಲಿಗೆ ಹೋಗಬೇಕು? ಅದೂ ಅಲ್ಲದೆ, ಸಣ್ಣ ಕಣದ ಮಣ್ಣು ಪೂರ್ತಿ ನೆನೆದು ತುಂಬುವ ತನಕ ನೀರು ಕೆಳಗಿನ ದೊಡ್ಡ ಕಲ್ಲಿನ ಪದರಕ್ಕೆ ಇಳಿಯುವುದೇ ಇಲ್ಲ, ಮೇಲೇ ಜೋತುಕೊಂಡಿರುತ್ತದೆ. ತೂತಿರುವ ಕುಂಡಕ್ಕೂ ಇದೇ ಮಾತು. ಕಲ್ಲು ಹಾಕಿದಷ್ಟೂ ಒದ್ದೆ ಮಣ್ಣು ಬೇರಿನ ಹತ್ತಿರಕ್ಕೆ ಬರುತ್ತದೆ, ಬೇರಿಗೆ ಸಿಗುವ ಜಾಗವೂ ಹೋಗುತ್ತದೆ. ನಾವೆಲ್ಲ ಬಹಳ ಕಾಲ ಹಾಕಿಕೊಂಡೇ ಬಂದ ಪದರ ಅದು; ಅಷ್ಟು ಮಾತ್ರಕ್ಕೆ ಸರಿ ಅಂತಾಗುವುದಿಲ್ಲ. ಮಣ್ಣು ಸುರಿಯದ ಹಾಗೆ ತೂತಿನ ಮೇಲೆ ಒಂದು ತುಂಡು ಸೊಳ್ಳೆ ಜಾಲರಿ ಇಡು, ಮುಗಿಯಿತು. ಆ ಬಟ್ಟಲು ಅಷ್ಟು ಇಷ್ಟವಾದರೆ ತೂತಿರುವ ಸಣ್ಣ ಕುಂಡವನ್ನು ಅದರೊಳಗೆ ಇಟ್ಟುಕೋ. ನೀರು ಹಾಕುವಾಗ ಹೊರಗೆ ತೆಗೆ, ಸೋರಿದ ಮೇಲೆ ಒಳಗಿಡು.

ಇನ್ನು ಮಣ್ಣು. ಬರೀ ಕೆಮ್ಮಣ್ಣು ಹಾಕಿದರೆ ಎರಡು ನೀರಿಗೆ ಗಟ್ಟಿ ಇಟ್ಟಿಗೆಯಾಗುತ್ತದೆ. ಬರೀ ಕೋಕೋಪೀಟ್ ಹಾಕಿದರೆ ವಾರಗಟ್ಟಲೆ ತೇವ ಹಿಡಿದುಕೊಂಡಿರುತ್ತದೆ. ಪೂರ್ತಿ ಒಣಗಿತೋ, ಕುಗ್ಗಿ ಕುಂಡದ ಗೋಡೆ ಬಿಟ್ಟು, ಆಮೇಲೆ ಹಾಕಿದ ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಎರೆಹುಳು ಗೊಬ್ಬರ, ಎರಡು ಪಾಲು ಒರಟು ಕಣ. ಆ ಒರಟು ಕಣದಲ್ಲೇ ಇರುವುದು ಗುಟ್ಟು. ನೀನು ಆನ್‌ಲೈನಿನಲ್ಲಿ ಪ್ಯೂಮಿಸ್, ಪರ್ಲೈಟ್ ತರಿಸುತ್ತೀಯ, ತರಿಸು, ಒಳ್ಳೆಯವೇ. ನನ್ನನ್ನು ಕೇಳಿದರೆ ಹೆಂಚಿನ ಚೂರು ಸಾಕು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆಗೆದ ಮೇಲೆ ಆ ಕೆಂಪು ಹೆಂಚು ನಮ್ಮ ಊರೂರಿಗೂ ಹಬ್ಬಿತು; ಈಗ ಹಳೇ ಮನೆ ಕೆಡವಿದ ಕಡೆಯೆಲ್ಲ ರಾಶಿ ಬಿದ್ದಿರುತ್ತದೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಗೋಣಿಯಲ್ಲಿ ಸುತ್ತಿ ಸುತ್ತಿಗೆಯಲ್ಲಿ ಕುಟ್ಟು. ಕಡಲೆಬೇಳೆ, ಅವರೆಕಾಳಿನ ಗಾತ್ರದ್ದು ಬೇಕು. ಜರಡಿ ಹಿಡಿದು ನುಣ್ಣನೆ ಪುಡಿಯನ್ನು ಆಚೆ ಹಾಕು, ಅದು ಉಳಿದರೆ ಸಂದುಗಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಎಂ-ಸ್ಯಾಂಡ್ ಹಾಕುವುದಾದರೆ ಎರಡು ಮೂರು ನೀರಲ್ಲಿ ತೊಳೆದು ಹಾಕು, ಅದರಲ್ಲಿ ಧೂಳೇ ಜಾಸ್ತಿ. ಸೋದರತ್ತೆಗೆ ಹೇಳು, ಸಮುದ್ರದ ಮರಳು ಮುಟ್ಟಬಾರದು, ಉಪ್ಪು. ಒಂದು ಹಿಡಿ ಇದ್ದಿಲ ಚೂರು ಇದ್ದರೆ ಸೇರಿಸು, ಇಲ್ಲದಿದ್ದರೆ ಹುಡುಕಿಕೊಂಡು ಅಲೆಯಬೇಡ. ಎಲ್ಲ ಕಲಸಿ, ಒಂದು ಮುಷ್ಟಿಯಷ್ಟನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಡಿದು ಕೈ ಬಿಚ್ಚು. ಉಂಡೆ ನಿಂತರೆ ಇನ್ನಷ್ಟು ಹೆಂಚಿನ ಚೂರು ಬೇಕು. ಬಿಚ್ಚುತ್ತಲೇ ಉದುರಿದರೆ ಸರಿ. ಅಡುಗೆಮನೆಯ ಜರಡಿ ತೆಗೆದುಕೊಂಡೆ ಅಂತ ನಿಮ್ಮಮ್ಮ ಬೈದರೆ ನನ್ನ ಹೆಸರು ಹೇಳಬೇಡ.

ಕೀಳುವ ದಿನ ಬೆಳಗ್ಗೆ ಪೇಪರ್ ಹಾಸಿಕೊಂಡು ನೆಲದ ಮೇಲೆ ಕೂರು. ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಕುಂಡವನ್ನು ಅಡ್ಡ ಮಲಗಿಸಿ, ಪ್ಲಾಸ್ಟಿಕ್ ಆದರೆ ಸುತ್ತಲೂ ಹಿಸುಕಿ, ಬುಡದ ತೂತಿನಿಂದ ಹೆಬ್ಬೆಟ್ಟಿನಲ್ಲಿ ಒತ್ತು. ಕಾಂಡ ಹಿಡಿದು ಜಗ್ಗಬೇಡ. ಬರದಿದ್ದರೆ ಕುಂಡ ಕತ್ತರಿಸು; ಐದು ರೂಪಾಯಿ ಪ್ಲಾಸ್ಟಿಕ್ಕಿಗೆ ಯಾಕೆ ಕರುಳು? ಹೊರಗೆ ಬಂದ ಮಣ್ಣು ಕುಂಡದ ಆಕಾರದಲ್ಲೇ ನಿಂತಿರುತ್ತದೆ, ಸುತ್ತಲೂ ಬೇರು ಸುರುಳಿ ಸುತ್ತಿರುತ್ತದೆ. ಬೆರಳ ತುದಿಯಲ್ಲಿ ಕೆಳಗಿನಿಂದ ಬಿಡಿಸುತ್ತಾ ಬಾ. ನಡುಮಧ್ಯಕ್ಕೆ ಬಂದಾಗ ಜೋಪಾನ. ಅಲ್ಲಿ ಲಿಂಬೆಹಣ್ಣಿನ ಗಾತ್ರದ, ಕಪ್ಪಗಿನ ಕೋಕೋಪೀಟ್ ಉಂಡೆ, ಅದರ ಸುತ್ತ ತೆಳ್ಳನೆಯ ಬಲೆ ಸಿಕ್ಕಬಹುದು. ಸಸಿ ಮಾಡುವಾಗ ಹಾಕಿದ್ದು, ಯಾರೂ ತೆಗೆದಿರುವುದಿಲ್ಲ. ಹೊರಗಿನ ಮಣ್ಣೆಲ್ಲ ಒಣಗಿದ್ದರೂ ಅದನ್ನು ಒತ್ತಿದರೆ ತಣ್ಣಗೆ ತೇವ. ಕಾಂಡದ ಬುಡಕ್ಕೇ ಅಂಟಿಕೊಂಡಿರುತ್ತದೆ ನೋಡು, ಕೊಳೆಯುವುದಕ್ಕೆ ಪ್ರಶಸ್ತ ಜಾಗ. ಸಣ್ಣ ಕತ್ತರಿಯಲ್ಲಿ ಬಲೆ ಸೀಳಿ, ಬೇರು ಸಿಕ್ಕಿಕೊಂಡ ಕಡೆ ತುಂಡು ತುಂಡಾಗಿ ಬಿಡಿಸು. ಹತ್ತು ನಿಮಿಷ ಹಿಡಿಯುತ್ತದೆ. ಹಿಡಿಯಲಿ.

ಆಮೇಲೆ ಬೇರು ನೋಡು. ಬೆಳ್ಳಗೆ, ತಿಳಿಕಂದಾಗಿ, ಎಳೆದರೆ ತಡೆಯುವುದು ಜೀವಂತ. ಕಪ್ಪಾಗಿ ಮೆತ್ತಗಾಗಿ ಸಿಪ್ಪೆ ಜಾರುವುದು, ಹುಡಿಹುಡಿಯಾಗಿ ಮುರಿಯುವುದು ಸತ್ತದ್ದು, ಕತ್ತರಿಸು. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡಿರು. ಬೇರಿನ ಸಂದಿಯಲ್ಲಿ, ಎಲೆಯ ಕಂಕುಳಲ್ಲಿ ಬಿಳಿ ಪುಡಿ ಮೆತ್ತಿದ್ದು ಕಂಡರೆ ಕಡ್ಡಿಯಲ್ಲಿ ಕೆದಕು. ಮೆಲ್ಲಗೆ ಅಲುಗಿದರೆ ಅದು ಹಿಟ್ಟು ತಿಗಣೆ. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿಸು. ಬೇರಲ್ಲಿದ್ದರೆ ಹಳೆ ಮಣ್ಣನ್ನು ಬೇರೆ ಕುಂಡಗಳಿಗೆ ಸುರಿಯಬೇಡ, ಕಟ್ಟಿ ಕಸಕ್ಕೆ ಹಾಕು. ಮಿತವ್ಯಯ ತೋರಿಸುವ ಜಾಗ ಅದಲ್ಲ.

ಎಚೆವೇರಿಯಾ ಕೀಳುವ ದಿನ ಬಂದಾಗ ಇನ್ನೊಂದು ಎಚ್ಚರ. ಅದರ ಎಲೆ ಮೇಲಿನ ಬೂದು ಪುಡಿ ಧೂಳಲ್ಲ, ಬಿಸಿಲು ತಡೆಯಲು ಗಿಡವೇ ಹೊದ್ದುಕೊಂಡ ಮೇಣ. ನೀನು ಹಿಡಿದ ಕಡೆಯೆಲ್ಲ ಬೆರಳಚ್ಚು ಮೂಡುತ್ತದೆ, ಆ ಎಲೆ ಉದುರುವ ತನಕ ಅಚ್ಚೂ ಇರುತ್ತದೆ. ಬುಡದಲ್ಲಿ ಹಿಡಿ. ಮುಂದೆಂದಾದರೂ ಕಳ್ಳಿ ಜಾತಿಯದಕ್ಕೆ ಕೈ ಹಾಕಿದರೆ ಕೈಗವಸು ಹಾಕಿಕೋ, ಆ ಕೈಯಲ್ಲಿ ಕಣ್ಣು ಮುಟ್ಟಬೇಡ. ಕಳ್ಳಿಹಾಲು ಕಣ್ಣಿಗೆ ಬಿದ್ದರೆ ತಮಾಷೆಯಲ್ಲ. ಧಾರಾಳವಾಗಿ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಬೇಕು.

ಈಗ ಬಂತು ನಿನ್ನಿಂದಾಗದ ಕೆಲಸ. ಬೇರು ಬಿಡಿಸಿದ ಗಿಡವನ್ನು ಹಾಗೇ, ಬರಿಮೈಯಲ್ಲಿ, ನೆರಳಲ್ಲಿ ಪೇಪರಿನ ಮೇಲೆ ಎರಡು ಮೂರು ದಿನ ಬಿಡು. ಬೇರು ತುಂಬ ಕತ್ತರಿಸಿದ್ದರೆ ಇನ್ನೂ ಎರಡು ದಿನ. ಗಾಯ ಒಣಗಿ ಸಿಪ್ಪೆ ಕಟ್ಟಬೇಕು. 'ಅಯ್ಯೋ ಸತ್ತುಹೋಗುತ್ತೆ ಅಜ್ಜಿ' ಅಂತ ನೀನು ಬಾಯಿ ಬಿಡುವ ಮೊದಲೇ ಹೇಳುತ್ತೇನೆ, ನಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿಕೊಂಡು ಬಾ. ದೃಷ್ಟಿ ಆಗದಿರಲಿ ಅಂತ ಬಾಗಿಲ ಮೇಲೆ ಲೋಳೆಸರವನ್ನು ಬೇರು ಮೇಲಾಗಿ ತೂಗುಹಾಕಿರುತ್ತಾರಲ್ಲ, ಅದಕ್ಕೆ ಮಣ್ಣು ಹಾಕಿದವರು ಯಾರು, ನೀರೆರೆದವರು ಯಾರು? ತಿಂಗಳುಗಟ್ಟಲೆ ತಲೆಕೆಳಗಾಗಿ ನೇತಾಡುತ್ತಾ, ತುದಿಯನ್ನು ಮತ್ತೆ ಮೇಲಕ್ಕೆ ಬಾಗಿಸಿಕೊಂಡು ಹಸಿರಾಗಿಯೇ ಇರುತ್ತದೆ. ಕೆಲವು ಹೂಕಡ್ಡಿಯನ್ನೂ ಬಿಡುತ್ತವೆ. ಮನೆಯವರ ದೃಷ್ಟಿ ಹೋಗುತ್ತದೋ ಇಲ್ಲವೋ ನಾನು ಹೇಳಲಾರೆ, ನಿನ್ನ ಆತುರವಾದರೂ ಅದನ್ನು ನೋಡಿ ಹೋಗಲಿ.

ಅಷ್ಟು ತಾಳಿಕೆ ಹೇಗೆ ಬಂತು ಅಂದರೆ, ಬೇರೆ ಗಿಡಗಳೆಲ್ಲ ಹಗಲು ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಂಡರೆ ಇವು ರಾತ್ರಿ ತೆರೆಯುತ್ತವೆ. ತಂಪಿನಲ್ಲಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಎಲೆಯೊಳಗೆ ಕೂಡಿಡುತ್ತವೆ. ಹಗಲು ಬಾಗಿಲು ಮುಚ್ಚಿಕೊಂಡು, ಕೂಡಿಟ್ಟದ್ದನ್ನು ಬಿಸಿಲಲ್ಲಿ ಬಳಸುತ್ತವೆ. ನೀರು ಆವಿಯಾಗಿ ಹೋಗುವುದು ಬಹಳ ಕಮ್ಮಿ. ಇದರ ಜಾಡು ಹಿಡಿದವರಲ್ಲಿ ಒಬ್ಬನಿಗೆ ನಮ್ಮ ಲಾಲ್‌ಬಾಗಿನ ನಂಟುಂಟು. ಟಿಪ್ಪು ಕಾಲವಾದ ಮೇಲೆ ಆ ತೋಟದ ಉಸ್ತುವಾರಿ ಕೆಲಕಾಲ ನೋಡಿಕೊಂಡ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞ, ಕಾಡುಬಸಳೆಯ ಎಲೆಯನ್ನು ಹೊತ್ತುಹೊತ್ತಿಗೆ ಬಾಯಿಗೆ ಹಾಕಿ ನೋಡಿದ. ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಚೂರು ಕಹಿ. ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಕಾಗದ ಬರೆದ, 1815ರಲ್ಲಿ ಅಚ್ಚಾಯಿತು. ನೀನು ಅವನ ಹಾಗೆ ಕುಂಡದ ಗಿಡ ಜಗಿಯಲು ಹೋಗಬೇಡ, ಕಾಡುಬಸಳೆ ತಿಂದ ದನಗಳೇ ಕಾಯಿಲೆ ಬಿದ್ದದ್ದುಂಟು. ನಿನಗೆ ತಿಳಿಯಬೇಕಾದದ್ದು ಇಷ್ಟೆ: ಎಲೆಯಲ್ಲಿ ನೀರಿದೆ, ಉಸಿರನ್ನೂ ಕೂಡಿಟ್ಟುಕೊಂಡಿದೆ, ಮೂರು ದಿನ ಪೇಪರಿನ ಮೇಲೆ ಮಲಗಿದರೆ ಅದಕ್ಕೇನೂ ಆಗುವುದಿಲ್ಲ. ಆಗುವುದು ನಿನಗೆ.

ನೆಡುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ತಳಕ್ಕೆ ಸ್ವಲ್ಪ ಮಣ್ಣು, ಅದರ ಮೇಲೆ ಬೇರು ಹರಡಿ, ಸುತ್ತಲೂ ತುಂಬುತ್ತಾ ಕುಂಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟು. ಬೆರಳಿನಿಂದ ಒತ್ತಿ ಜಡಿಯಬೇಡ. ಕಾಂಡ ಮೊದಲು ಎಷ್ಟು ಹೂತಿತ್ತೋ ಅಷ್ಟೇ ಹೂಳು, ಎಲೆ ಮಣ್ಣಿಗೆ ತಾಗಬಾರದು. ಮೇಲಂಚಿಗೆ ಅರ್ಧ ಇಂಚು ಜಾಗ ಬಿಡು. ಜೇಡ್ ತಲೆಭಾರಕ್ಕೆ ಆಡಿದರೆ ಒಂದು ಕಡ್ಡಿ ಊರಿ ಸಡಿಲವಾಗಿ ಕಟ್ಟು.

ಮುಗಿಯಿತಲ್ಲ ಅಂತ ಆಗಲೇ ನಲ್ಲಿ ಕಡೆ ಹೋದೆಯಾ? ವಾಪಸ್ ಬಾ. ಐದಾರು ದಿನ, ಒಂದು ವಾರವೇ ಆಗಲಿ, ಒಂದು ತೊಟ್ಟು ನೀರಿಲ್ಲ. ಇಲ್ಲೇ ನಿಮ್ಮ ಜಾಯಮಾನ ಗೊತ್ತಾಗುವುದು. ನಮ್ಮ ಎದುರು ಮನೆಗೆ ಮದುವೆಯಾಗಿ ಬಂದ ಹುಡುಗಿ ಬಲು ಅಚ್ಚುಕಟ್ಟು. ಪ್ರತಿ ಭಾನುವಾರ ಬೆಳಗ್ಗೆ ಎಂಟಕ್ಕೆ ಎಲ್ಲ ಗಿಡಗಳಿಗೂ ಅರ್ಧರ್ಧ ಲೋಟ ನೀರು. ಮೊಬೈಲೇ ಅವಳಿಗೆ ಗಂಟೆ ಬಾರಿಸಿ ನೆನಪಿಸುತ್ತಿತ್ತು. ಹೊರಗೆ ಜಡಿಮಳೆ ಬಿದ್ದು ಬಟ್ಟೆಯೇ ಒಣಗದ ಭಾನುವಾರವೂ ಅರ್ಧ ಲೋಟ, ಬಿಸಿಲು ಸುಡುವ ಭಾನುವಾರವೂ ಅರ್ಧ ಲೋಟ. ಆಷಾಢ ಮುಗಿಯುವಷ್ಟರಲ್ಲಿ ಆ ಗಿಡಗಳ ಸಾಲಿನಲ್ಲಿ ಎರಡು ಉಳಿದಿದ್ದವು. 'ನಾನು ಒಂದು ವಾರವೂ ತಪ್ಪಿಸಿಲ್ಲ ಆಂಟಿ' ಅಂತ ಕಣ್ಣೀರು. ತಪ್ಪಿಸಬೇಕಿತ್ತು ಕಣಮ್ಮ ಅಂದೆ. ಶ್ರದ್ಧೆ ಇರುವವರಿಗೆ ಇದನ್ನು ಒಪ್ಪಿಸುವುದು ಸೋಮಾರಿಗಳನ್ನು ಎಬ್ಬಿಸುವುದಕ್ಕಿಂತ ಕಷ್ಟ. ಏನಾದರೂ ಮಾಡುತ್ತಿದ್ದರೆ ಮಾತ್ರ ಪ್ರೀತಿ ಅಂದುಕೊಂಡುಬಿಟ್ಟಿರುತ್ತಾರೆ. ನಿನ್ನಲ್ಲೂ ಆ ಗುಣ ಇದೆ, ಒಳ್ಳೆಯ ಗುಣವೇ, ಬೇರೆ ಕಡೆ ಬಳಸು. ವಾರಕ್ಕೊಂದು ಸಲ ನನಗೆ ಫೋನ್ ಮಾಡುವುದಕ್ಕೆ, ಉದಾಹರಣೆಗೆ.

ನೆಟ್ಟ ಮೊದಲ ಹತ್ತು ದಿನ ಜೇಡ್ ಒಂದಷ್ಟು ಎಲೆ ಉದುರಿಸಬಹುದು. ಗಾಬರಿಯಾಗಬೇಡ. ಕೆಳಗಿನವು ಒಣಗಿ ಸುಕ್ಕಾಗಿ ಬಿದ್ದರೆ ಸಹಜ. ನೀರು ತುಂಬಿ ಪಾರದರ್ಶಕವಾಗಿ ಬಿದ್ದರೆ ಮಾತ್ರ ತೊಂದರೆ. ಬೇರು ಹಿಡಿಯಿತೋ ಇಲ್ಲವೋ ಅಂತ ದಿನಾ ಅಲುಗಿಸಿ ನೋಡಬೇಡ, ಹಿಡಿಯುತ್ತಿರುವ ಎಳೆಬೇರನ್ನು ನೀನೇ ಕಿತ್ತ ಹಾಗಾಗುತ್ತದೆ. ನೇರ ಬಿಸಿಲು ಬೇಡ, ಬೆಳಕಿರುವ ನೆರಳು ಸಾಕು. ವಾರದ 'ಉಪವಾಸ' ಕಳೆದ ಮೇಲೆ ನೀರು ಹಾಕುವಾಗ ಮಾತ್ರ ಜಿಪುಣತನ ಮಾಡಬೇಡ. ಚಮಚದಲ್ಲಿ ಚಿಮುಕಿಸಿದರೆ ಮೇಲಿನ ಮಣ್ಣಷ್ಟೇ ಒದ್ದೆ. ಬುಡದ ತೂತಿನಿಂದ ಹರಿದು ಬರುವ ತನಕ ಹಾಕು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲು. ಆಗ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಭಾರ ನೋಡಿಟ್ಟುಕೋ. ಆಮೇಲೆ ಆಗಾಗ ಎತ್ತಿ ನೋಡು. ಹಗುರಾಗಿ ಕೈಗೆ ಬಂದ ಮೇಲೆ, ಇನ್ನೂ ಎರಡು ದಿನ ಬಿಟ್ಟು ಹಾಕು. ಅಗರಬತ್ತಿ ಕಡ್ಡಿಯನ್ನು ಆಳಕ್ಕೆ ಚುಚ್ಚಿ ತೆಗೆದು ನೋಡುವುದೂ ಉಂಟು, ಮಣ್ಣು ಅಂಟಿದ್ದರೆ ಬೇಡ. ಅಂಗೈ ಅಂದಾಜು ಒಂದು ಸಲ ಬಂದರೆ ಕಡ್ಡಿಯೂ ಬೇಕಾಗುವುದಿಲ್ಲ. ಗೊಬ್ಬರದ ಮಾತು ಎರಡು ತಿಂಗಳು ಎತ್ತಬೇಡ.

ಕತ್ತು ಉದ್ದವಾದ ಎಚೆವೇರಿಯಾ ಇದೆಯಲ್ಲ, ಅದು ಬಿಸಿಲಿಗೆ ಹೊಂದಿಕೊಂಡ ಮೇಲೆ ತಲೆಯನ್ನೇ ಕತ್ತರಿಸಬೇಕು. ಹೌದು, ತಲೆಯನ್ನೇ. ಒಂದಿಂಚು ಕಾಂಡ ಬಿಟ್ಟು ಚೂಪಾದ ಚಾಕುವಿನಲ್ಲಿ ಕತ್ತರಿಸಿ, ನಾಲ್ಕೈದು ದಿನ ಒಣಗಿಸಿ, ಒಣಮಣ್ಣಿನ ಮೇಲೆ ಕೂರಿಸಿದರೆ ಬೇರು ಬಿಡುತ್ತದೆ. ಮೋಟು ಕಾಂಡವನ್ನು ಎಸೆಯಬೇಡ, ಅದರ ಪಕ್ಕದಿಂದಲೂ ಮರಿ ಬರುತ್ತದೆ. ಉದುರಿದ ಎಲೆಗಳಲ್ಲಿ ಬುಡ ಮುರಿಯದೆ ಪೂರ್ತಿ ಬಂದವನ್ನು ಮಣ್ಣಿನ ಮೇಲೆ ಸುಮ್ಮನೆ ಹರಡು. ಕೆಲವಕ್ಕೆ ಗುಲಾಬಿ ಬಣ್ಣದ ಕೂದಲೆಳೆ ಬೇರು ಬಂದು, ಸಾಸಿವೆಯಷ್ಟು ಗಿಡ ಮೂಡುತ್ತದೆ. ಎಲ್ಲವೂ ಬರುವುದಿಲ್ಲ. ಈ ಕೆಲಸವನ್ನು ನಿನ್ನ ಗೆಳೆಯರಿಗೆ ತೋರಿಸಲು ವಿಡಿಯೊ ಮಾಡುವುದಾದರೆ ತಲೆ ಕತ್ತರಿಸುವ ಮುಂಚೆ ಅವರಿಗೆ ಹೇಳು, ಆಮೇಲೆ ಪೊಲೀಸರಿಗೆ ಫೋನ್ ಮಾಡಿಯಾರು.

ಇಷ್ಟಾದ ಮೇಲೆ ಜೇಡಿನ ತಂಟೆಗೆ ಎರಡು ವರ್ಷ ಹೋಗಬೇಡ. ನಿನ್ನ ಹಾಸಿಗೆ ಪಕ್ಕದ ಸ್ನೇಕ್ ಪ್ಲಾಂಟ್ ಇಕ್ಕಟ್ಟಿನಲ್ಲೇ ಸುಖಿ, ಮೂರು ನಾಲ್ಕು ವರ್ಷ ಅದೇ ಕುಂಡ ಸಾಕು. ಜೇಡ್ ಸವರಿದ ಕಡ್ಡಿಗಳನ್ನು ಪೇಪರಿನಲ್ಲಿ ಸುತ್ತಿ ಇಟ್ಟುಕೋ, ನೀರಲ್ಲಿ ಹಾಕಬೇಡ. ಹಬ್ಬಕ್ಕೆ ಬರುವಾಗ ನನಗೆರಡು ತಾ. ಸೋದರತ್ತೆ ಕೇಳಿದರೆ ಮಳೆಗಾಲ ಮುಗಿಯಲಿ ಅನ್ನು.